ಕಂದಾಯ ಕಟ್ಟಿ ತಗೊಂಡಿದ್ದೇನು?

ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಎರಡು ಥರದ ಮೆಸೇಜ್ ಬರುತ್ತವೆ. ಒಂದು, ‘ಐದು ಪರ್ಸೆಂಟ್ ರಿಯಾಯಿತಿ ತಿಂಗಳ ಕೊನೆಗೆ ಮುಗಿಯುತ್ತೆ, ಕಂದಾಯ ಬೇಗ ಕಟ್ಟಿ’ ಅನ್ನೋದು. ಇನ್ನೊಂದು, ಗುಂಡಿ ಬಿದ್ದ ರಸ್ತೆಯ ಫೋಟೋ, ಅದರ ಕೆಳಗೆ ‘ಇದಕ್ಕಾ ನಾವು ಇಷ್ಟೊಂದು ಟ್ಯಾಕ್ಸ್ ಕಟ್ಟೋದು?’ ಮೊದಲನೆಯದಕ್ಕೆ ಎಲ್ಲರೂ ಥಂಬ್ಸ್ ಅಪ್ ಕೊಡ್ತಾರೆ, ಎರಡನೆಯದಕ್ಕೆ ಮೂವತ್ತು ನಲವತ್ತು ರಿಪ್ಲೈ ಬರುತ್ತೆ. ರಸ್ತೆ ಸರಿ ಮಾಡೋವರೆಗೂ ತೆರಿಗೆ ಕಟ್ಟೋದೇ ಬೇಡ ಅನ್ನೋರೂ ಇದ್ದಾರೆ. ಈಚೆಗೆ ಇದು ಬರೀ ಗ್ರೂಪಿನ ಮಾತಾಗಿ ಉಳಿದಿಲ್ಲ, ಊರಿನ ಬೇಡಿಕೆಯ ಥರ ಕೇಳಿಸ್ತಿದೆ.

ಈ ಸಿಟ್ಟು ಸುಳ್ಳಲ್ಲ. ಆದ್ರೆ ಆ ‘ಇಷ್ಟೊಂದು’ ಅನ್ನೋ ಪದದ ಮೇಲೆ ನನಗೆ ತಕರಾರಿದೆ.

ನನ್ನದೇ ಲೆಕ್ಕ ಹೇಳ್ತೀನಿ, ಅಂಕಿ ದುಂಡಗೆ ಮಾಡಿ. ಫ್ಲ್ಯಾಟು 1,150 ಚದರಡಿ, ನಾವೇ ವಾಸ ಇದ್ದೀವಿ. ವರ್ಷಕ್ಕೆ ತೆರಿಗೆ 3,500 ರೂಪಾಯಿ. ಅದರ ಮೇಲೆ 24 ಪರ್ಸೆಂಟ್ ಸೆಸ್, ಅಂದ್ರೆ 840. ಅಲ್ಲಿಗೆ 4,340 ಆಯ್ತು. 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಅಂತ ತಿಂಗಳಿಗೆ 100 ರೂಪಾಯಿ ಸೇರಿದೆ, ವರ್ಷಕ್ಕೆ 1,200. ಎಲ್ಲಾ ಸೇರಿ 5,540. ಇದೇ ಫ್ಲ್ಯಾಟಿಗೆ ಅಸೋಸಿಯೇಷನ್ನಿಗೆ ನಾನು ಕೊಡೋ ಮೇಂಟೆನೆನ್ಸ್ ತಿಂಗಳಿಗೆ 4,300ಕ್ಕಿಂತ ಸ್ವಲ್ಪ ಜಾಸ್ತಿ. ಅಂದ್ರೆ ಪೂರ್ತಿ ಊರಿಗೆ ಒಂದು ವರ್ಷಕ್ಕೆ ನಾನು ಕೊಡೋ ದುಡ್ಡು ನಮ್ಮ ಲಿಫ್ಟು, ಸೆಕ್ಯೂರಿಟಿ, ಹುಲ್ಲುಹಾಸಿಗೆ ಐದಾರು ವಾರಕ್ಕೆ ಸಾಲುತ್ತೆ. ಫ್ಲ್ಯಾಟಿನ ಈಗಿನ ಬೆಲೆ ತೊಂಬತ್ತು ಲಕ್ಷ ಅಂತ ಹಿಡಿದ್ರೆ, ಕಂದಾಯ ಅದರ 0.06 ಪರ್ಸೆಂಟ್.

ಇದು ನನ್ನೊಬ್ಬನ ಅದೃಷ್ಟ ಅಲ್ಲ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ಉಪಗ್ರಹ ಚಿತ್ರ ಇಟ್ಟುಕೊಂಡು ಬೆಂಗಳೂರು ಮತ್ತು ಜೈಪುರದ ಲೆಕ್ಕ ನೋಡಿತ್ತು. ವಸೂಲಿ ಆಗಬಹುದಾದ ಆಸ್ತಿ ತೆರಿಗೆಯಲ್ಲಿ ಈ ಊರುಗಳು ಪಡೀತಿರೋದು 5ರಿಂದ 20 ಪರ್ಸೆಂಟ್ ಮಾತ್ರ ಅಂತ ಅದರಲ್ಲಿದೆ. ನಮ್ಮಲ್ಲಿ ಈಗಿರುವ ಪದ್ಧತಿ 2008ರದ್ದು. ಊರನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ, ಚದರಡಿಗೆ ಇಷ್ಟು ಅಂತ ದರ ಇಟ್ಟರು. ವರ್ಷಕ್ಕೆ ಹನ್ನೆರಡು ತಿಂಗಳಿದ್ರೂ ಹತ್ತೇ ತಿಂಗಳ ಲೆಕ್ಕ, ಅದರಲ್ಲಿ ಕಟ್ಟಡದ ವಯಸ್ಸಿಗೆ ಸವಕಳಿ ಬೇರೆ. 2016ರಲ್ಲಿ ಮನೆಗಳ ದರ 20 ಪರ್ಸೆಂಟ್ ಏರಿಸಿದ್ರು. ಅಷ್ಟರಲ್ಲಿ ಸೈಟಿನ ಬೆಲೆ ಎಷ್ಟು ಪಟ್ಟು ಏರಿತು ಅಂತ ನಿಮ್ಮ ಅಪ್ಪನನ್ನೋ ಮಾವನನ್ನೋ ಕೇಳಿ, ಬೇಡ ಅಂದ್ರೂ ಹೇಳ್ತಾರೆ.

‘ಜಾಸ್ತಿ ತೆರಿಗೆ’ ಅಂದ್ರೆ ಏನು ಅನ್ನೋದಕ್ಕೆ ನ್ಯೂಜೆರ್ಸಿಯಲ್ಲಿರೋ ನನ್ನ ಗೆಳೆಯನ ಬಿಲ್ಲು ನೋಡಬೇಕು. ಎಡಿಸನ್ ಅನ್ನೋ ಊರಲ್ಲಿದ್ದಾನೆ. ಅಲ್ಲಿ ನಮ್ಮವರು ಎಷ್ಟಿದ್ದಾರೆ ಅಂದ್ರೆ ಹೋಳಿಗೆಗೆ ಪರದಾಡಬೇಕಿಲ್ಲ. ಆರು ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 11,400 ಡಾಲರ್ ಕಟ್ಟುತ್ತಾನೆ, ಬೆಲೆಯ 1.9 ಪರ್ಸೆಂಟ್. ಬೆಲೆಯ ಲೆಕ್ಕದಲ್ಲಿ ನನ್ನ ಮೂವತ್ತು ಪಟ್ಟು. ಅಮೆರಿಕದಲ್ಲಿ ಆಸ್ತಿ ತೆರಿಗೆಯ ಭಾರ ಅತಿ ಹೆಚ್ಚಿರುವ ರಾಜ್ಯ ಅದು, 2024ರಲ್ಲಿ ಅಲ್ಲಿನ ಸರಾಸರಿ ಬಿಲ್ಲೇ ಹತ್ತು ಸಾವಿರ ಡಾಲರ್ ದಾಟಿತು. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಅಂತ ನಾಲ್ಕು ಕಂತು. ಪ್ರತಿ ಕಂತಿಗೂ ಅವನು ನನಗೆ ಫೋನ್ ಮಾಡಿ ಬೈತಾನೆ, ನಾನೇ ವಸೂಲಿ ಮಾಡಿದ ಹಾಗೆ.

ಆದ್ರೆ ಅವನ ಬಿಲ್ಲಿನಲ್ಲಿ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಬರೆದಿರುತ್ತೆ. ಕೌಂಟಿಗೆ ಇಷ್ಟು, ಊರಿಗೆ ಇಷ್ಟು, ಶಾಲೆಗೆ ಇಷ್ಟು. ರಾಜ್ಯದ ಒಟ್ಟು ಲೆಕ್ಕ ನೋಡಿದ್ರೆ ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತೆ. ಮನೆಯ ಬೆಲೆ ಜಾಸ್ತಿ ಕಟ್ಟಿದ್ದಾರೆ ಅನ್ನಿಸಿದ್ರೆ ಏಪ್ರಿಲ್ 1ರೊಳಗೆ ಕೌಂಟಿ ತೆರಿಗೆ ಮಂಡಳಿಗೆ ಮೇಲ್ಮನವಿ ಹಾಕಬಹುದು. ಶಾಲೆಯ ಬಜೆಟ್ ಮಾಡೋದು ಊರಿನವರೇ ವೋಟು ಹಾಕಿ ಆರಿಸಿದ ಮಂಡಳಿ. ಇವನು ಎಚ್-1ಬಿ ವೀಸಾದಲ್ಲಿರೋದ್ರಿಂದ ಇವನಿಗೆ ವೋಟಿಲ್ಲ. ಆದ್ರೂ ಕಳೆದ ವರ್ಷ ಸ್ಕೂಲ್ ಬಸ್ಸಿನ ಸ್ಟಾಪ್ ವಿಷಯಕ್ಕೆ ಮಂಡಳಿಯ ಮೀಟಿಂಗಿಗೆ ಹೋಗಿ ಮೈಕಿನಲ್ಲಿ ಮಾತಾಡಿ ಬಂದ. ‘ಗುರು, ಕೊಡೋ ದುಡ್ಡಿಗೆ ಹೊಟ್ಟೆ ಉರಿಯುತ್ತೆ ನಿಜ. ಆದ್ರೆ ಯಾರ ಮೇಲೆ ಉರೀಬೇಕು ಅಂತ ಗೊತ್ತಿದೆ’ ಅಂದ. ವಸೂಲ್ ಆಗುತ್ತಾ ಅಂತ ಕೇಳಿದ್ರೆ, ಇಬ್ಬರು ಮಕ್ಕಳು ಫೀಸಿಲ್ಲದೆ ಓದ್ತಿದ್ದಾರೆ, ಆಯ್ತು ಅಂತಾನೆ. ನನ್ನ ಮಗಳ ಎಲ್‌ಕೆಜಿ ಫೀಸನ್ನ ನನ್ನ ಕಂದಾಯಕ್ಕೆ ಸೇರಿಸಿ ನೋಡಿದಾಗ ನನ್ನ ‘ಅಗ್ಗದ ಊರು’ ಅಷ್ಟೇನೂ ಅಗ್ಗ ಅನ್ನಿಸಲಿಲ್ಲ.

ಹಾಗಂತ ನ್ಯೂಜೆರ್ಸಿಯನ್ನ ಸ್ವರ್ಗ ಮಾಡೋದು ಬೇಡ. ಮನೆಯ ಬೆಲೆ ಮೇಲೆ ಶಾಲೆ ನಡೆದ್ರೆ ಶ್ರೀಮಂತರ ಊರಿಗೆ ಒಳ್ಳೇ ಶಾಲೆ, ಬಡವರ ಊರಿಗೆ ಸೋರೋ ಶಾಲೆ. ಅಲ್ಲಿ ಆಗಿದ್ದೂ ಅದೇ. ‘ಅಬಟ್ ವರ್ಸಸ್ ಬರ್ಕ್’ ಅನ್ನೋ ಕೇಸಿನಲ್ಲಿ 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಡ ನಗರಗಳ ಶಾಲೆಗೂ ಶ್ರೀಮಂತ ಊರುಗಳಷ್ಟೇ ದುಡ್ಡು ಸಿಗೋ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಅಂತ ಹೇಳಬೇಕಾಯ್ತು. ಮಕ್ಕಳು ಬೆಳೆದು ಹೋದ ಮೇಲೂ ವಯಸ್ಸಾದವರು ಶಾಲೆಯ ಪಾಲು ಕಟ್ತಾನೇ ಇರಬೇಕು. ಬಿಲ್ಲು ಕಟ್ಟಲಾರದೆ ಮನೆ ಮಾರಿ ಬೇರೆ ರಾಜ್ಯಕ್ಕೆ ಹೋಗೋರೂ ಇದ್ದಾರೆ.

ಈಗ ನಮ್ಮೂರಿಗೆ ಬರೋಣ. ಕಂದಾಯದ ದುಡ್ಡಿಂದ ನಡೆಯೋದು ಯಾವುದು? ನೀರು, ಒಳಚರಂಡಿ ಜಲಮಂಡಳಿಯದ್ದು. ಕರೆಂಟು ಬೆಸ್ಕಾಂ. ಬಸ್ಸು ಬಿಎಂಟಿಸಿ. ಪೊಲೀಸರು, ಅಗ್ನಿಶಾಮಕ ದಳ, ಬಹುಪಾಲು ಸರ್ಕಾರಿ ಶಾಲೆ ಎಲ್ಲಾ ರಾಜ್ಯ ಸರ್ಕಾರದ್ದು. ಇವ್ಯಾವುದಕ್ಕೂ ನಿಮ್ಮ ಕಂದಾಯ ಹೋಗಲ್ಲ. ಉಳಿಯೋದು ರಸ್ತೆ, ಫುಟ್‌ಪಾತು, ಬೀದಿದೀಪ, ಕಸ, ಪಾರ್ಕು, ರಾಜಕಾಲುವೆ, ಒಂದಿಷ್ಟು ಆರೋಗ್ಯ ಕೇಂದ್ರ. ಇವಕ್ಕೂ ಕಂದಾಯ ಸಾಲಲ್ಲ. 2025-26ಕ್ಕೆ ಬಿಬಿಎಂಪಿ ಮಂಡಿಸಿದ ಬಜೆಟ್ಟು ಸುಮಾರು 19,900 ಕೋಟಿ. ಅದರ ಹಿಂದಿನ ವರ್ಷ ಆಸ್ತಿ ತೆರಿಗೆ ಬಂದಿದ್ದು ಸುಮಾರು 4,900 ಕೋಟಿ. ಉಳಿದದ್ದರಲ್ಲಿ ದೊಡ್ಡ ಭಾಗ ಬೇರೆ ಸರ್ಕಾರಗಳ ಅನುದಾನ. ದುಡ್ಡು ಕೊಟ್ಟವರ ಮಾತು ನಡೆಯುತ್ತೆ, ಹಾಗಾಗಿ ಟನಲ್ ರಸ್ತೆ ಬೇಕಾ ಫುಟ್‌ಪಾತ್ ಬೇಕಾ ಅಂತ ತೀರ್ಮಾನ ಮಾಡೋದು ವಿಧಾನಸೌಧ.

ಸೆಸ್ ಕಥೆ ಇನ್ನೂ ಸ್ವಾರಸ್ಯ. ನನ್ನ 840 ರೂಪಾಯಿಯಲ್ಲಿ ಆರೋಗ್ಯಕ್ಕೆ 15 ಪರ್ಸೆಂಟ್, ಅಂದ್ರೆ 525. ಗ್ರಂಥಾಲಯಕ್ಕೆ 6 ಪರ್ಸೆಂಟ್, 210. ಭಿಕ್ಷುಕರ ಪುನರ್ವಸತಿಗೆ 3 ಪರ್ಸೆಂಟ್, 105. ಗ್ರಂಥಾಲಯದ ಸೆಸ್ 1965ರ ಕಾಯ್ದೆಯಿಂದ ಬಂದದ್ದು, ಭಿಕ್ಷುಕರದ್ದು 1975ರ ಕಾಯ್ದೆಯಿಂದ. ಪಾಲಿಕೆ ಇದನ್ನ ನಮ್ಮಿಂದ ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು, ಅಷ್ಟೇ ಕೆಲಸ. ಆದ್ರೆ ಗ್ರಂಥಾಲಯ ಇಲಾಖೆಗೆ ಬಿಬಿಎಂಪಿ ನೂರಾರು ಕೋಟಿ ಬಾಕಿ ಇಟ್ಟಿದೆ ಅನ್ನೋ ಸುದ್ದಿ ಪತ್ರಿಕೆಗಳಲ್ಲಿ ವರ್ಷಾನುಗಟ್ಟಲೆ ಬರ್ತಾನೇ ಇದೆ. ಭಿಕ್ಷುಕರ ಸೆಸ್ಸಿನದ್ದೂ ಹೆಚ್ಚೂಕಡಿಮೆ ಅದೇ ಹಣೆಬರಹ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತು ರಾಜ್ಯವೇ ಬೆಚ್ಚಿಬಿದ್ದಿತ್ತು. ಆ ಕೇಂದ್ರ ನಡೆಯೋದು ಈ ಸೆಸ್ಸಿನ ಮೇಲೆ ಅಂತ ನಮ್ಮ ಗ್ರೂಪಿನಲ್ಲಿ ಯಾರಾದ್ರೂ ಬರೆದದ್ದು ನಾನು ನೋಡಿಲ್ಲ. ಗುಂಡಿಯ ಫೋಟೋ ಹಾಕೋದು ಸುಲಭ. ದಾಟಿಸದೆ ಉಳಿದ ದುಡ್ಡಿನ ಫೋಟೋ ಹೇಗೆ ಹಾಕ್ತೀರಿ?

ಹಾಗಾದ್ರೆ ಕಂದಾಯ ಕಟ್ಟಿ ನಾವು ತಗೊಳ್ಳೋದೇನು? ನನ್ನ ಪ್ರಕಾರ, ರಸೀದಿ. ತಮಾಷೆಗೆ ಹೇಳ್ತಿಲ್ಲ. ಖಾತಾಕ್ಕೆ ರಸೀದಿ ಬೇಕು, ಸಾಲಕ್ಕೆ ಬ್ಯಾಂಕಿನವರು ಕೇಳ್ತಾರೆ, ಮಾರೋವಾಗ ತಗೊಳ್ಳೋರ ಲಾಯರ್ ಕೇಳ್ತಾರೆ. ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿ ಬಿ-ಖಾತಾ ಇಟ್ಟುಕೊಂಡವರು ಚರಂಡಿ ಇಲ್ಲದ, ಟಾರು ಕಾಣದ ರಸ್ತೆಯಲ್ಲಿದ್ದೂ ಒಂದು ವರ್ಷ ತಪ್ಪದೆ ಕಂದಾಯ ಕಟ್ತಾರೆ. ರಸ್ತೆ ಬರುತ್ತೆ ಅಂತಲ್ಲ, ಮುಂದೊಂದು ದಿನ ಸಕ್ರಮ ಮಾಡೋವಾಗ ಕಂತೆ ತೋರಿಸಬಹುದು ಅಂತ. ಕಂದಾಯದ ರಸೀದಿ ಇದ್ದ ಮಾತ್ರಕ್ಕೆ ಆಸ್ತಿ ನಿಮ್ಮದು ಅಂತ ಕಾನೂನಿನಲ್ಲಿ ಸಾಬೀತಾಗಲ್ಲ. ಆದ್ರೂ ನಮ್ಮ ಅಜ್ಜನ ಕಾಲದಿಂದಲೂ ಅದನ್ನ ಟ್ರಂಕಿನಲ್ಲಿ ಪತ್ರದ ಜೊತೆಗೇ ಇಡೋದು. ನಾವು ಕಟ್ಟೋದು ಆಸ್ತಿಯ ಕಾಗದಕ್ಕೆ. ಕಾಗದ ತಕ್ಷಣ ಪಿಡಿಎಫ್ ಆಗಿ ಬರುತ್ತೆ. ಹಾಗಾಗಿ ನಿಜವಾದ ಅರ್ಥದಲ್ಲಿ ನಮಗೆ ಈ ವ್ಯವಹಾರದಲ್ಲಿ ಮೋಸ ಆಗಿದೆ ಅನ್ನಿಸೋದೇ ಇಲ್ಲ. ಗ್ರೂಪಿನಲ್ಲಿ ಬೈತೀವಿ, ಏಪ್ರಿಲ್ ಮುಗಿಯೋದ್ರೊಳಗೆ ಕಟ್ತೀವಿ.

ಎರಡೂ ಕಡೆಗೆ ಇದು ಅನುಕೂಲದ ಒಪ್ಪಂದ. ತೆರಿಗೆ ಕಡಿಮೆ ಇದ್ರೆ ಮತದಾರ ಗಲಾಟೆ ಮಾಡಲ್ಲ, ಗಲಾಟೆ ಇಲ್ಲದಿದ್ರೆ ಲೆಕ್ಕ ಕೊಡಬೇಕಿಲ್ಲ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಈಚೆಗೆ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರ್‌ನಲ್ಲಿ ಊರನ್ನ ಐದು ಪಾಲಿಕೆ ಮಾಡಿದ್ರು, ಇದನ್ನ ಬರೆಯೋವರೆಗೂ ಅವಕ್ಕೆ ಚುನಾವಣೆ ಆಗಿಲ್ಲ. 2006ರಿಂದ 2010ರವರೆಗೂ ಹೀಗೇ ಕಾರ್ಪೊರೇಟರುಗಳಿಲ್ಲದೆ ಕಳೆದಿತ್ತು, ಈಗಿನ ತೆರಿಗೆ ಪದ್ಧತಿ ಬಂದದ್ದೂ ಆ ಗ್ಯಾಪಿನಲ್ಲೇ. ನನ್ನ ಗೆಳೆಯನಿಗೆ ವೋಟಿಲ್ಲ, ಆದ್ರೆ ಹೋಗಿ ಕೇಳೋಕೆ ಒಂದು ಮಂಡಳಿ ಇದೆ. ನನಗೆ ವೋಟಿದೆ, ಹಾಕೋಕೆ ಚುನಾವಣೆ ಇಲ್ಲ.

ಈ ಅನುಕೂಲದ ಬೆಲೆ ಬೀಳೋದು ಗೇಟಿನ ಆಚೆಗೆ. ನಮಗೆ ಬೋರ್‌ವೆಲ್ ಇದೆ, ಟ್ಯಾಂಕರ್ ಇದೆ, ಜನರೇಟರ್ ಇದೆ, ಕಸಕ್ಕೆ ಏಜೆನ್ಸಿ ಇದೆ. ಅಸೋಸಿಯೇಷನ್ನಿನ ಎಜಿಎಂನಲ್ಲಿ ಚದರಡಿಗೆ 25 ಪೈಸೆ ಏರಿಸೋಕೆ ಮೂರು ಗಂಟೆ ಚರ್ಚೆ ಮಾಡ್ತೀವಿ, ಡೀಸೆಲ್ ಬಿಲ್ಲನ್ನ ಸಾಲುಸಾಲಾಗಿ ಓದ್ತೀವಿ. ಅಂದ್ರೆ ಲೆಕ್ಕ ಕೇಳೋದು ನಮಗೆ ಗೊತ್ತಿಲ್ಲ ಅಂತಲ್ಲ. ಪಕ್ಕದ ಬೀದಿಯ ವಠಾರದವರಿಗೆ ಬೀದಿದೀಪ ಅಂದ್ರೆ ಪಾಲಿಕೆಯದ್ದೇ, ಆರೋಗ್ಯ ಕೇಂದ್ರ ಅಂದ್ರೆ ಪಾಲಿಕೆಯದ್ದೇ. ‘ಕಂದಾಯ ಕಟ್ಟಲ್ಲ’ ಅಂತ ನಾವು ಹಟ ಹಿಡಿದ್ರೆ ಇಂಜಿನಿಯರ್ ಸಂಬಳ ನಿಲ್ಲಲ್ಲ. ಮೊದಲು ನಿಲ್ಲೋದು ಆ ಬೀದಿಯ ಬಲ್ಬು. ಹಾಗಂತ ಗೇಟು ನಮ್ಮನ್ನೂ ಪೂರ್ತಿ ಕಾಯಲ್ಲ. 2022ರ ಸೆಪ್ಟೆಂಬರ್‌ನ ಮಳೆಗೆ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಆವತ್ತು ಕೈಕೊಟ್ಟದ್ದು ರಾಜಕಾಲುವೆ. ಅದನ್ನ ಯಾವ ಅಸೋಸಿಯೇಷನ್ನೂ ಮೇಂಟೆನೆನ್ಸ್ ದುಡ್ಡಿನಲ್ಲಿ ಕಟ್ಟಿಸೋಕಾಗಲ್ಲ.

ಇಲ್ಲಿ ಬಾಡಿಗೆಗೆ ಇರೋ ಓದುಗರಿಗೆ ಒಂದು ಮಾತು. ಕಂದಾಯ ಓನರ್ ತಲೆನೋವು ಅಂದ್ಕೊಂಡಿದ್ರೆ ಹಾಗಲ್ಲ. 2008ರ ದರಪಟ್ಟಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ಮನೆಯ ಎರಡರಷ್ಟಿತ್ತು. ಓನರ್ ಆ ದುಡ್ಡನ್ನ ಎಲ್ಲಿಂದ ತಂದ್ರು ಅಂತೀರಿ? ನಿಮ್ಮ ಬಾಡಿಗೆಯಿಂದ. ರಸೀದಿ ಮಾತ್ರ ಅವರ ಹೆಸರಿಗೆ.

ನನ್ನ ಮಟ್ಟಿಗೆ, ದರ ಏರಿಸಬೇಕು ಅನ್ನೋರ ಕಡೆ ನಾನು. ವರ್ಷಕ್ಕೆ 5,540 ಬದಲು ಹನ್ನೊಂದು ಸಾವಿರ ಕೇಳಿದ್ರೂ ಕಟ್ಟೋ ಶಕ್ತಿ ನನಗಿದೆ, ಈ ಅಂಕಣ ಓದೋ ಬಹಳಷ್ಟು ಜನಕ್ಕೂ ಇದೆ. ಬಿ-ಖಾತಾ ಮನೆಯವರಿಗೆ, ಒಂದೇ ರೂಮಿನ ಶೀಟ್ ಮನೆಯವರಿಗೆ ಇಲ್ಲ, ಅವರನ್ನ ಬಿಟ್ಟು ಏರಿಸಲಿ. ಆದ್ರೆ ಏರಿಸೋ ಪ್ರಸ್ತಾಪ ತರೋದು ನಾನು ವೋಟು ಹಾಕಿದ ಕೌನ್ಸಿಲ್ ಆಗಿರಬೇಕು, ಆಡಳಿತಾಧಿಕಾರಿಯ ಸಹಿ ಅಲ್ಲ. ಬಿಲ್ಲಿನ ಜೊತೆ ನನ್ನ ವಾರ್ಡಿಗೆ ಹಿಂದಿನ ವರ್ಷ ಎಷ್ಟು ಖರ್ಚಾಯ್ತು, ಯಾವ ರಸ್ತೆಗೆ ಅಂತ ಒಂದು ಪುಟ ಇರಬೇಕು. ಅದಕ್ಕೂ ಮುಂಚೆ, ನಾನು ಈಗಾಗಲೇ ಕೊಟ್ಟಿರೋ 210 ರೂಪಾಯಿ ಗ್ರಂಥಾಲಯಕ್ಕೂ 105 ರೂಪಾಯಿ ಮಾಗಡಿ ರಸ್ತೆಗೂ ತಲುಪಿರಬೇಕು.