ಹೂಂಗುಟ್ಟಲು ಬಿಡದ ಕಥೆಗಳು

2020ರ ಬೇಸಿಗೆಯಲ್ಲಿ ಹಾಸ್ಟೆಲ್ ಮುಚ್ಚಿದ್ದರಿಂದ ನಾನು ಜೇವರ್ಗಿ ತಾಲೂಕಿನ ಕೊಳಕೂರಿಗೆ, ನಮ್ಮ ಮನೆಗೆ ಬಂದಿದ್ದೆ. ಅಕ್ಕನ ಮಗಳು ಆಗಷ್ಟೇ ಒಂದನೆಯ ತರಗತಿ ಮುಗಿಸಿದ್ದಳು. ದೇಶದಲ್ಲಿ ಕೊರೊನಾದಿಂದ ಆದದ್ದೆಂದು ದೃಢಪಟ್ಟ ಮೊದಲ ಸಾವು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಸಂಭವಿಸಿತ್ತು. ಹೀಗಾಗಿ ದೊಡ್ಡವರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಮಕ್ಕಳು ಅಂಗಳ ದಾಟಿದರೆ ಸಾಕು, "ಹೊರಗ ಹೋದ್ರ ಕೊರೊನಾ ಹಿಡಕೊಂಡು ಹೋಗತದ ನೋಡು" ಎಂದು ಕೂಗುತ್ತಿದ್ದರು. ಹಳೆಯ ಗುಮ್ಮನಿಗೆ ಹೊಸ ಹೆಸರು ಸಿಕ್ಕಿತ್ತು.

ಮಗುವಿನ ಅಂಜಿಕೆ ಕಳೆಯಲೆಂದು ನಾನು ಮೊಬೈಲಿನಲ್ಲಿ ಒಂದು ಪುಸ್ತಕ ಇಳಿಸಿಕೊಂಡೆ. ‘ಮೈ ಹೀರೋ ಈಸ್ ಯೂ’ ಎಂಬ ಆ ಪುಸ್ತಕವನ್ನು ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ನೆರವು ಸಂಸ್ಥೆಗಳೂ ಕೂಡಿ 2020ರ ಏಪ್ರಿಲ್‌ನಲ್ಲಿ ಹೊರತಂದಿದ್ದವು. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ ಹೆಲೆನ್ ಪಟಕ್ ಬರೆದ ಕಥೆ ಅದು. ಬರೆಯುವ ಮೊದಲು 1,700ಕ್ಕೂ ಹೆಚ್ಚು ಮಕ್ಕಳು, ಪಾಲಕರು, ಶಿಕ್ಷಕರ ಅನುಭವ ಕೇಳಿದ್ದರು. ಸಾರಾ ಎಂಬ ಹುಡುಗಿಯ ತಾಯಿ ವಿಜ್ಞಾನಿ. ಒಂದು ರಾತ್ರಿ ಆರಿಯೊ ಎಂಬ ಕಾಲ್ಪನಿಕ ಜೀವಿ ಬಂದು ಸಾರಾಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬೇರೆ ಬೇರೆ ದೇಶದ ಮಕ್ಕಳ ಬಳಿ ಹಾರುತ್ತದೆ. ಅಂಜಿಕೆಯಾದಾಗ ಮನಸ್ಸಿನೊಳಗೆ ಒಂದು ಸುರಕ್ಷಿತ ಜಾಗವನ್ನು ಕಲ್ಪಿಸಿಕೊಳ್ಳುವುದನ್ನೂ ಕಲಿಸುತ್ತದೆ. ಅಂಜುವುದು ತಪ್ಪಲ್ಲ ಎಂದು ಮಗುವಿಗೆ ಹೇಳುವ ಪುಸ್ತಕ ಆ ದಿನಗಳಲ್ಲಿ ಬೇಕೇ ಇತ್ತು.

ನಾನು ಅದನ್ನು ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಸೊಸಿ ಸುಮ್ಮನೆ ಕೇಳಿದಳು. ಮುಗಿದ ಮೇಲೆ ಅವಳು ಕೇಳಿದ್ದು ಆರಿಯೊ ಬಗ್ಗೆ ಅಲ್ಲ:

"ಮಾಮಾ, ಸಾಲಿಗಿ ಬ್ಯಾನಿ ಬಂದದೇನು?"

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಮುಂಬೈ, ಪುಣೆಗೆ ದುಡಿಯಲು ಹೋದವರು ಮೇ ತಿಂಗಳಲ್ಲಿ ಮರಳಿದಾಗ ಜಿಲ್ಲೆಯ ಅನೇಕ ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾಗಿದ್ದವು. ದೊಡ್ಡವರು ಶಾಲೆಯ ಸುದ್ದಿ ತೆಗೆದಾಗಲೆಲ್ಲ ದನಿ ತಗ್ಗಿಸುತ್ತಿದ್ದರು. ಮಗು ತಾನೇ ಒಂದು ಅರ್ಥ ಕಟ್ಟಿಕೊಂಡಿತ್ತು. ಅದೇ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆಯ ನದಿದಂಡೆಯ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಬೇಕಾಯಿತು. ‘ಮನೆಯಲ್ಲೇ ಇರಿ, ದೂರ ಇರಿ’ ಎಂಬ ಕಥೆಗಳು ಒಣಗಿದ ನೆಲದ ಮೇಲೆ ಗಟ್ಟಿಯಾಗಿ ನಿಂತ ಒಂದು ಮನೆಯನ್ನು, ಅದರಲ್ಲಿ ಒಂದು ಪ್ರತ್ಯೇಕ ಕೋಣೆಯನ್ನು ಇದೆ ಎಂದೇ ಹಿಡಿದು ಹೊರಡುತ್ತವೆ. ಜಗತ್ತಿನ ಎಲ್ಲ ಮಕ್ಕಳಿಗೂ ಒಂದೇ ಕಥೆ ಬರೆದಾಗ ಇಂಥ ಮಗು ಅದರ ಹೊರಗೆ ಉಳಿಯುತ್ತದೆ.

ಆದರೆ ನನ್ನ ಮುಖ್ಯ ತಕರಾರು ಕಥೆಯ ವಿವರಗಳ ಬಗ್ಗೆ ಅಲ್ಲ, ಅದನ್ನು ಹೇಳುವ ರೀತಿಯ ಬಗ್ಗೆ. ನಮ್ಮ ಕಡೆ ಕಥೆ ಹೇಳುವ ಆಯಿ ಮೊದಲೇ ಒಂದು ಕರಾರು ಹಾಕುತ್ತಾಳೆ: ಕೇಳುವವರು "ಹೂಂ" ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಇದು ಮಗು ಎಚ್ಚರವಾಗಿದೆಯೋ ಇಲ್ಲವೋ ಎಂದು ನೋಡುವ ಉಪಾಯ ಮಾತ್ರವಲ್ಲ. ಹೂಂ ಅನ್ನುವ ಮಗುವಿಗೆ ನಡುವೆ "ಯಾಕ?" ಅನ್ನುವ ಹಕ್ಕೂ ಇರುತ್ತದೆ. ಆ ವರ್ಷ ಮೊಬೈಲಿಗೆ ಬಂದು ಬಿದ್ದ ಕೊರೊನಾ ಕಥೆಗಳಲ್ಲಿ ಬಹುಪಾಲು ಕೈ ತೊಳೆಯುವುದು, ಮಾಸ್ಕ್ ಹಾಕುವುದು ಎಂಬ ಪಾಠಗಳಿಗೆ ಪ್ರಾಣಿಗಳ ವೇಷ ಹಾಕಿದಂಥವು. ಅವುಗಳಲ್ಲಿ ಉತ್ತರ ಮೊದಲೇ ಸಿದ್ಧ, ಮಗುವಿನ ಪ್ರಶ್ನೆಗೆ ಜಾಗವಿಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದು ಇಲ್ಲಿ ನೆನಪಾಗುತ್ತದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಅವೆರಡೂ ಅವಳು ಮಲಗಿದ್ದಾಗ ಹೊರಬಿದ್ದು, ಕಥೆ ಒಂದು ಜೊತೆ ಚಪ್ಪಲಿಯಾಗಿ, ಹಾಡು ಗಂಡಸಿನ ಕೋಟಾಗಿ ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ರಾತ್ರಿ ಹನುಮಂತನ ಗುಡಿಯಲ್ಲಿ ಸೇರುವ ಊರ ದೀಪಗಳ ಮಾತಿನಿಂದ ಅವನಿಗೆ ನಿಜ ತಿಳಿಯುತ್ತದೆ. ಮರಳಿ ಬಂದು ಕೇಳಿದರೆ ಹೆಂಡತಿಗೆ ಕಥೆಯೂ ಹಾಡೂ ಮರೆತೇಹೋಗಿವೆ.

ಹೇಳದೆ ಉಳಿದದ್ದು ರೂಪ ಬದಲಿಸಿ ಮನೆ ಕೆಡಿಸುತ್ತದೆ ಎಂಬ ಈ ತಿಳಿವಳಿಕೆ ಮಕ್ಕಳಿಗೂ ಸಲ್ಲುತ್ತದೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆಯಲ್ಲಿಯೂ ಮಾತಾಡುವುದು ಅಂಜಿದ ಮಗುವೇ. ದೊಡ್ಡವರು ಅಲ್ಲಿ ಕೇಳುವ ಕಡೆ ಇದ್ದಾರೆ.

ಹಾಗೆಂದು ಜನಪದದಲ್ಲಿ ಇದ್ದದ್ದೆಲ್ಲ ಮದ್ದು ಎನ್ನಲಾರೆ. ಬ್ಯಾನಿಯನ್ನು ದೇವಿಯೆಂದು ಕರೆದು ಊರ ಸೀಮೆ ದಾಟಿಸುವ ಆಚರಣೆ ಅಂಜಿಕೆಗೆ ಒಂದು ಆಕಾರವನ್ನೂ ಒಂದು ಕೊನೆಯನ್ನೂ ಕೊಡುತ್ತದೆ, ನಿಜ. ಆದರೆ ಸೀಮೆಯಾಚೆ ಇನ್ನೊಂದು ಊರಿರುತ್ತದೆ. 2020ರಲ್ಲಿ ಹಳ್ಳಿಗಳ ದಾರಿಗೆ ಮುಳ್ಳುಕಂಟಿ ಹಚ್ಚಿ, ದುಡಿದು ಬಂದ ನಮ್ಮವರನ್ನೇ ಹೊರಗೆ ನಿಲ್ಲಿಸಿದ್ದರ ಹಿಂದೆಯೂ ಅದೇ ಕಥನವಿತ್ತು. ಅದನ್ನೂ ಮಕ್ಕಳು ನೋಡಿದ್ದಾರೆ. ಜನಪದದಿಂದ ನಾವು ಪಡೆಯಬೇಕಾದ್ದು ಆ ಗಡಿಯನ್ನಲ್ಲ, ಹೂಂ ಅನ್ನುವ ಪದ್ಧತಿಯನ್ನು.

ಸೊಸಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಯಿ ಮಾತ್ರ "ಬಂದಿದ್ರ ಏನ ಮಾಡೋಣವಾ?" ಎಂದು ತಿರುಗಿ ಕೇಳಿದಳು. ಮಗು ಹೇಳತೊಡಗಿತು. ಸಾಲಿಗೆ ಜ್ವರ ಬಂತು, ಟೀಚರ್ ಬೇವಿನ ತಪ್ಪಲದ ನೀರು ಹಾಕಿ ಮೈ ತೊಳೆದರು, ಗಂಟಿಗೆ ಗಂಟಲು ಕಟ್ಟಿತ್ತು, ಅದಕ್ಕೂ ಗುಳಿಗಿ ಕೊಟ್ಟರು. ಒಂದೊಂದು ಮಾತಿಗೂ ಆಯಿ "ಹೂಂ" ಅನ್ನುತ್ತಿದ್ದಳು. ಆ ರಾತ್ರಿ ಹೇಳುವವರು, ಕೇಳುವವರು ಅದಲುಬದಲಾಗಿದ್ದರು. ನನ್ನ ಮೊಬೈಲ್ ಕಥೆಗೆ ಆಗದ ಕೆಲಸ ಆ ಪ್ರಶ್ನೆಯಿಂದ ಆಯಿತು.

ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ 2020ರ ಆಗಸ್ಟ್‌ನಲ್ಲಿ ಶಿಕ್ಷಕರು ಗುಡಿಕಟ್ಟೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಕಲಿಸುವ ‘ವಿದ್ಯಾಗಮ’ ಶುರುವಾಗಿ, ಅಕ್ಟೋಬರ್‌ನಲ್ಲಿ ನಿಂತಿತ್ತು. ಮಕ್ಕಳು ಶಾಲೆಗೆ ಮರಳಿದ ಮೇಲೆ ಎಷ್ಟು ಅಕ್ಷರ ಮರೆತಿದ್ದಾರೆ ಎಂದು ಎಲ್ಲರೂ ಕೇಳಿದೆವು. ಏನು ಕಥೆ ಕಟ್ಟಿಕೊಂಡಿದ್ದಾರೆ ಎಂದು ಕೇಳಿದವರು ಕಡಿಮೆ.

ಮಕ್ಕಳ ಸಾಹಿತ್ಯ ಓದುವ ನಾವು ಕೃತಿಯ ಸಂದೇಶವನ್ನು ಅಳೆಯುತ್ತೇವೆ, ಭಾಷೆ ಸರಳವೇ ಎಂದು ನೋಡುತ್ತೇವೆ. ಮಗು ಎಲ್ಲಿ ಬಾಯಿ ಹಾಕಬಹುದು ಎಂಬುದನ್ನೂ ನೋಡಬೇಕು. ಸೊಸಿ ಈಗ ದೊಡ್ಡವಳಾಗಿದ್ದಾಳೆ. ಮೊನ್ನೆ ಆ ಕಥೆಯ ನೆನಪು ತೆಗೆದರೆ "ಯಾವ ಕಥಿ?" ಅಂದಳು. ಆಯಿಗೆ ಮಾತ್ರ ಗಂಟಿಗೆ ಕೊಟ್ಟ ಗುಳಿಗಿಯವರೆಗೆ ಎಲ್ಲ ನೆನಪಿದೆ. ಅಂದು ಮಕ್ಕಳಾಗಿದ್ದವರು ಇನ್ನೂ ನಮ್ಮ ಸುತ್ತಲೇ ಇದ್ದಾರೆ. ಪೂರ್ತಿ ಮರೆಯುವ ಮೊದಲು ಅವರ ಎದುರು ಕುಳಿತು ಹೂಂಗುಟ್ಟುವ ಕೆಲಸ ಸಂಶೋಧಕರಾದ ನಮ್ಮದು.