ಬಯಾಕೋರ್: ಬೆಳಕಿಗೆ ಬೆನ್ನಾದ ಕಾಲುವೆ

ಸ್ವೀಡನ್ನಿನ ಉಪ್ಸಾಲಾದಿಂದ 1990ರಲ್ಲಿ ಮಾರುಕಟ್ಟೆಗೆ ಬಂದ ಬಯಾಕೋರ್ ಯಂತ್ರವನ್ನು ಹೊಗಳುವವರೆಲ್ಲ ಅದರ ಬೆಳಕಿನ ಚಮತ್ಕಾರವನ್ನೇ ಹೊಗಳುತ್ತಾರೆ. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ. ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ದ್ರಾವಣ. ಚಿನ್ನದ ಮೇಲೆ ಕೂರಿಸಿದ ಅಣುವಿಗೆ ಪ್ರತಿಕಾಯವೊಂದು ಬಂದು ಅಂಟಿದರೆ ಅಲ್ಲಿನ ವಕ್ರೀಭವನಾಂಕ ಬದಲಾಗಿ, ಪ್ರತಿಫಲನ ಮಂಕಾಗುವ ಕೋನ ತುಸು ಸರಿಯುತ್ತದೆ. ಅಣುವಿಗೆ ಬಣ್ಣ ಹಚ್ಚುವ ಗೊಡವೆಯಿಲ್ಲ. ಆದರೆ ಈ ಬೆಳಕಿನ ವಿಧಾನವನ್ನು ಲಿಡ್‌ಬರ್ಗ್, ನೈಲಾಂಡರ್ ಮತ್ತು ಲುಂಡ್‌ಸ್ಟ್ರೋಮ್ 1983ರಲ್ಲೇ ತೋರಿಸಿದ್ದರು. ಅದು ಪ್ರಯೋಗಾಲಯದ ನಿತ್ಯದ ಉಪಕರಣವಾದದ್ದು ಕೂದಲೆಳೆಯಷ್ಟು ಸಣ್ಣ ಕಾಲುವೆಗಳೂ ಕವಾಟಗಳೂ ಜೊತೆಗೂಡಿದ ಮೇಲೆ. ನನ್ನ ಮಟ್ಟಿಗೆ ಬಯಾಕೋರಿನ ಹೆಚ್ಚುಗಾರಿಕೆ ಇರುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. ನಿಂತ ನೀರಿನಲ್ಲಿ ಪ್ರತಿಕಾಯದ ಅಣು ವಿಸರಣದಿಂದಲೇ 1 ಮಿಲಿಮೀಟರ್ ದಾಟಲು ಮೂರು ಗಂಟೆಗೂ ಹೆಚ್ಚು ಬೇಕು. 50 ಮೈಕ್ರೋಮೀಟರಿಗೆ ಅರ್ಧ ನಿಮಿಷ ಸಾಕು. ಕಿರಿದಾದ ಕಾಲುವೆಯಲ್ಲಿ ಸುಳಿಯೇಳುವುದಿಲ್ಲ. ಹಾಗಾಗಿ ಮಾದರಿಯನ್ನು ಥಟ್ಟನೆ ಹರಿಸಿ, ಥಟ್ಟನೆ ನಿಲ್ಲಿಸಿ, ಮಾದರಿಯಿಲ್ಲದ ಬರೀ ಬಫರ್ ದ್ರಾವಣ ಬಿಡಬಹುದು. ಅಣು ಅಂಟಿತೇ ಎಂಬುದಷ್ಟೇ ಅಲ್ಲ, ಎಷ್ಟು ಬೇಗ ಅಂಟಿತು, ಎಷ್ಟು ಹೊತ್ತು ಹಿಡಿದುಕೊಂಡಿತು ಎಂಬುದೂ ಕಾಣುತ್ತದೆ. ಔಷಧ ಹುಡುಕುವವರಿಗೆ ಇದು ದೊಡ್ಡ ಸಂಪತ್ತು. ಇನ್ನೊಂದು ಉಪಕಾರವೂ ಉಂಟು: ಅಣು ಕೂರಿಸದ ಕಾಲುವೆಯೊಂದನ್ನು ಪಕ್ಕದಲ್ಲೇ ಹೋಲಿಕೆಗೆ ಇಡಬಹುದು. ತಾಪ 1 ಡಿಗ್ರಿ ಏರಿದರೆ ನೀರಿನ ವಕ್ರೀಭವನಾಂಕ ಸುಮಾರು 0.0001ರಷ್ಟು ಇಳಿಯುತ್ತದೆ, ಯಂತ್ರ ಗುರುತಿಸಬೇಕಾದ ಬದಲಾವಣೆ ಅದರ ನೂರನೇ ಒಂದು ಪಾಲು ಇದ್ದೀತು. ಆ ಪಕ್ಕದ ಕಾಲುವೆಯ ಅಳತೆಯನ್ನು ಕಳೆಯದಿದ್ದರೆ ನಾವು ಅಳೆಯುವುದು ಕೋಣೆಯ ಸೆಕೆಯನ್ನೇ.

ಕೊರತೆಯೂ ಕಾಲುವೆಯದೇ. ಹರಿವು ತಂದುಕೊಡುವುದಕ್ಕಿಂತ ವೇಗವಾಗಿ ಮೇಲ್ಮೈ ಅಣುಗಳನ್ನು ಸೆಳೆದುಕೊಂಡರೆ, ತೆರೆಯ ಮೇಲಿನ ವಕ್ರರೇಖೆ ಬಂಧದ ವೇಗವನ್ನಲ್ಲ, ಪೂರೈಕೆಯ ವೇಗವನ್ನು ತೋರಿಸುತ್ತದೆ. ಇದನ್ನು ಬಲ್ಲವರೂ ಪ್ರಬಂಧ ಬರೆಯುವಾಗ ಮರೆಯುತ್ತಾರೆ. ಹೊಸ ನ್ಯಾನೋರಚನೆ, ಇನ್ನಷ್ಟು ಸೂಕ್ಷ್ಮ ಪತ್ತೆ ಎಂಬ ಘೋಷಣೆಗಳ ಹಿಂದೆ ಹಲವು ಬಾರಿ ಇರುವುದು ಶುದ್ಧ ಬಫರಿನಲ್ಲಿ ನಡೆಸಿದ ಪರೀಕ್ಷೆ. ರಕ್ತದಲ್ಲಾದರೆ ಬೇಡದ ಪ್ರೋಟೀನುಗಳೂ ಚಿನ್ನಕ್ಕೆ ಮುತ್ತುತ್ತವೆ. ಕಾಲುವೆ ಎರಕಹೊಯ್ಯಲು ಎಲ್ಲರೂ ಮೆಚ್ಚುವ ಪಾರದರ್ಶಕ ಸಿಲಿಕೋನ್ ರಬ್ಬರು, ಪಿಡಿಎಂಎಸ್, ನೀರಿಗೊಗ್ಗದ ಸಣ್ಣ ಔಷಧಾಣುಗಳನ್ನು ತಾನೇ ಹೀರಿಕೊಳ್ಳುತ್ತದೆ; ಚಿನ್ನದವರೆಗೆ ಹೋಗುವ ಹೊತ್ತಿಗೆ ದ್ರಾವಣ ತೆಳುವಾಗಿರುತ್ತದೆ. ಕಾಲುವೆಯ ಎತ್ತರ, ಹರಿವಿನ ದರ, ರಕ್ತದ್ರವದಲ್ಲಿ ಸಿಕ್ಕ ಫಲಿತಾಂಶ, ಈ ಮೂರನ್ನು ಹೇಳದ ಪತ್ತೆಮಿತಿಯನ್ನು ನಾನು ಸಾಧನೆಯೆಂದು ಒಪ್ಪಲಾರೆ.