ಸಂಘದ ಗೋಡೆಯ ಮೇಲೆ ನಮ್ಮವರ ಚಿತ್ರಗಳು

ಕಳೆದ ತಿಂಗಳ ಕೊನೆಯ ಶನಿವಾರ, ಭಾನುವಾರ ನಮ್ಮ ಸಂಘದ ಸಭಾಗೃಹದಲ್ಲಿ ಸದಸ್ಯರೇ ತೆಗೆದ ಛಾಯಾಚಿತ್ರಗಳ ಪ್ರದರ್ಶನ ನಡೆದುದನ್ನು ಓದುಗರು ಬಲ್ಲರು. 19 ಮಂದಿ ಹವ್ಯಾಸಿಗಳು, 62 ಚಿತ್ರಗಳು. ಬ್ಯಾಂಕಿನವರು, ಹೋಟೆಲಿನವರು, ಗೃಹಿಣಿಯರು, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಹೊಟ್ಟೆಪಾಡಿಗಾಗಿ ಕ್ಯಾಮರಾ ಹಿಡಿದವರು ಇವರಲ್ಲಿ ಒಬ್ಬರೂ ಇಲ್ಲ. ಮುಂಬಯಿಯಲ್ಲಿ ಲೋಕಲ್ ಗಾಡಿ ಹಿಡಿಯುವುದರಲ್ಲೇ ಅರ್ಧ ಆಯುಷ್ಯ ಕಳೆಯುವ ಜನ ಇಷ್ಟನ್ನು ಮಾಡಿದ್ದೇ ಸಂತೋಷದ ಸಂಗತಿ.

ಬಾಗಿಲ ಬಳಿ ಇಟ್ಟಿದ್ದ ಅಭಿಪ್ರಾಯದ ಪುಸ್ತಕವನ್ನು ನಾವು ಮೊದಲಿನಿಂದ ಕೊನೆಯವರೆಗೆ ಓದಿದೆವು. 11 ಪುಟಗಳು ತುಂಬಿವೆ. ‘ಬಹಳ ಚೆನ್ನಾಗಿದೆ’, ‘ಅದ್ಭುತ’, ‘ಹೀಗೆಯೇ ಮುಂದುವರಿಯಲಿ’. ಕಾಫಿ ಚೆನ್ನಾಗಿತ್ತೆಂದು ಬರೆದವರೂ ಇದ್ದಾರೆ. ಸರಕಾರಿ ಕಚೇರಿಗಳಲ್ಲಿ ಕಡತವನ್ನು ಬಿಚ್ಚದೆಯೇ ‘ನೋಡಿದೆ’ ಎಂದು ಸಹಿ ಹಾಕಿ ಪಕ್ಕದ ಮೇಜಿಗೆ ಸಾಗಿಸುವ ವಾಡಿಕೆಯೊಂದುಂಟು. ನಾವು ಅದೇ ವೃತ್ತಿಯವರಾದ್ದರಿಂದ ಆ ಸಹಿಯ ಬೆಲೆ ನಮಗೆ ಗೊತ್ತು. ಮದುವೆಮನೆಯಲ್ಲಿ ಊಟ ಹೇಗಿತ್ತೆಂದು ಕೇಳಿದವರಿಗೆ ಹೇಳುವ ಮಾತನ್ನು ಚಿತ್ರ ತೆಗೆದವನಿಗೂ ಹೇಳಿ ಕಳಿಸಿದರೆ, ಅವನು ಮುಂದಿನ ವರ್ಷವೂ ಅದೇ ಚಿತ್ರವನ್ನೇ ತರುತ್ತಾನೆ. ಆದುದರಿಂದ ಮೂರು ಚಿತ್ರಗಳ ಬಗ್ಗೆಯಾದರೂ, ಸ್ನೇಹದಿಂದಲೇ, ನಾಲ್ಕು ಮಾತು ಬಿಚ್ಚಿ ಹೇಳಬೇಕೆನಿಸಿತು.

ಎಲ್ಲರ ಕಣ್ಣು ಮೊದಲು ಹೋದದ್ದು ಶಿವಡಿಯ ಫ್ಲೆಮಿಂಗೊ ಚಿತ್ರದ ಕಡೆಗೆ. ನಮ್ಮವರು ರಾಜಹಂಸ ಎನ್ನುವ ಈ ಹಕ್ಕಿಗಳು ಚಳಿಗಾಲದಲ್ಲಿ ಶಿವಡಿಯ ಕೆಸರುದಂಡೆಗೆ ಸಾವಿರಗಟ್ಟಲೆ ಬರುತ್ತವೆ. ಅಂಧೇರಿಯ ಈ ಮಿತ್ರರು ಮೂರು ಚಳಿಗಾಲ ಅಲ್ಲಿಗೆ ತಪ್ಪದೆ ಹೋದವರು; ಭರತದ ಹೊತ್ತನ್ನು ಪಂಚಾಂಗದಂತೆ ಬಾಯಿಪಾಠ ಮಾಡಿದವರು. ಚೌಕಟ್ಟಿನ ತುಂಬ ಒಂದೇ ಹಕ್ಕಿ, ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಆದರೆ ಹಕ್ಕಿ ಕೊಂಚ ಬೂದುಬಣ್ಣಕ್ಕೆ ತಿರುಗಿದೆ. ಕಾರಣ ಸುಲಭ. ಕ್ಯಾಮರಾದೊಳಗೆ ಬೆಳಕನ್ನು ಅಳೆಯುವ ಸಾಧನವು ಎದುರಿಗಿರುವ ವಸ್ತು ಬಿಳಿಯೋ ಕಪ್ಪೋ ಅರಿಯದೆ, ಎಲ್ಲವನ್ನೂ ನಡುಬೂದು ಎಂದೇ ಎಣಿಸಿ ಲೆಕ್ಕ ಹಾಕುತ್ತದೆ. ಬಿಳುಪಾದ ವಸ್ತು ಚೌಕಟ್ಟನ್ನು ತುಂಬಿದಾಗ ಒಂದು ಸ್ಟಾಪಿನಷ್ಟು ಬೆಳಕನ್ನು ನಾವೇ ಹೆಚ್ಚಿಗೆ ಕೊಡಬೇಕು. ಇದು ಅವರು ಒಂದೇ ಭಾನುವಾರದಲ್ಲಿ ಸರಿಪಡಿಸಿಕೊಳ್ಳಬಲ್ಲ ಸಂಗತಿ.

ನಮ್ಮ ನಿಜವಾದ ತಕರಾರು ಬೇರೆ. ಈ ಹಕ್ಕಿ ಕಚ್ಛದಲ್ಲಿ ನಿಂತಿದ್ದರೂ ಚಿತ್ರ ಹೀಗೆಯೇ ಇರುತ್ತಿತ್ತು. ಅವರದೇ ಇನ್ನೊಂದು ಸಣ್ಣ ಚಿತ್ರ ಕಂಬದ ಮರೆಯಲ್ಲಿತ್ತು, ಹೆಚ್ಚಿನವರು ನೋಡಿರಲಾರರು. ಅದರಲ್ಲಿ ಹಕ್ಕಿಗಳು ಕಡಲೆಬೀಜದಷ್ಟು. ಹಿಂದೆ 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಅಟಲ್ ಸೇತುವಿನ ಸಾಲುಗಂಬಗಳು. ಆ ಕಂಬಗಳ ನಡುವೆ ಈ ಉದ್ದಕಾಲಿನ ಅತಿಥಿಗಳು ತಲೆ ಬಗ್ಗಿಸಿ ಆಹಾರ ಹುಡುಕುತ್ತಿವೆ. ಇದು ನಮ್ಮ ಊರಿನ ಚಿತ್ರ. ದೊಡ್ಡದು ಮರೆಗೆ ಹೋಗಿ ಇದು ಎದುರಿಗೆ ಬರಬೇಕಾಗಿತ್ತು.

ಎರಡನೆಯದು ಆ ಹುಡುಗಿಯದು. ಕಟ್ಟಡದ ತಾರಸಿಯ ಮೇಲೆ ಅವಳ ಅಜ್ಜಿ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಾರೆ. ಎಡಬಲಕ್ಕೆ ಸಮನಾಗಿ ಎರಡು ನೀರಿನ ಟಾಕಿಗಳು. ಅಭಿಪ್ರಾಯ ಪುಸ್ತಕದಲ್ಲಿ ಒಬ್ಬರು, ಹೆಸರು ಹಾಕದೆ, ‘ವ್ಯಕ್ತಿ ನಟ್ಟನಡುವೆ ಬರಬಾರದು, ಮೂರನೇ ಒಂದು ಭಾಗದ ನಿಯಮ ಕಲಿಯಿರಿ’ ಎಂದು ಬರೆದಿದ್ದಾರೆ. ಬಾಕಿ ಎಲ್ಲರ ಹೊಗಳಿಕೆಯನ್ನು ಬಿಟ್ಟು ಆ ಮಗು ಇದೊಂದು ಸಾಲನ್ನೇ ನಾಲ್ಕು ಸಲ ಓದಿತು. ‘ಚೆನ್ನಾಗಿದೆ’ ಎಂದವರಾದರೂ ಚಿತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರು. ಈ ಮಹನೀಯರು ನೋಡಿದ್ದು ತಮ್ಮ ನಿಯಮವನ್ನು. ಆ ಎರಡು ಟಾಕಿಗಳ ನಡುವೆ ಅಜ್ಜಿ ದೇವರಕೋಣೆಯ ಮೂರ್ತಿಯಂತೆ ಕುಳಿತಿದ್ದಾರೆ. ಅವರನ್ನು ಪಕ್ಕಕ್ಕೆ ಸರಿಸಿದರೆ ಉಳಿಯುವುದು ಟಾಕಿ ಮಾತ್ರ. ಮಗೂ, ಅಜ್ಜಿ ನಡುವೆಯೇ ಇರಲಿ.

ಕೊರತೆ ಇರುವುದು ಬೆಳಕಿನಲ್ಲಿ. ನೆತ್ತಿಯ ಮೇಲಿನ ಬಿಸಿಲಿಗೆ ಸಂಡಿಗೆಯೆಲ್ಲ ಸುಣ್ಣದಂತೆ ಬೆಳ್ಳಗಾಗಿ, ಸೆರಗಿನ ನೆರಳಿನಲ್ಲಿ ಅಜ್ಜಿಯ ಕಣ್ಣುಗಳು ಕಪ್ಪು ಗುಳಿಗಳಾಗಿವೆ. ಸಂಡಿಗೆ ಇಡುವುದು ಬಿಸಿಲಿಗೇ ಅಲ್ಲವೇ ಎಂದು ನೀನು ಕೇಳಬಹುದು. ನಿಜ, ಆದರೆ ಸಂಜೆ ಐದರ ಮೇಲೆ ಅದನ್ನು ಬಿಡಿಸಿ ತೆಗೆಯುವ ಕೆಲಸವೂ ಇದೆ. ಆಗ ಬೆಳಕು ಓರೆಯಾಗಿ ಸೆರಗಿನ ಒಳಗೂ ಹೋಗುತ್ತದೆ, ಒಂದೊಂದು ಸಂಡಿಗೆಗೂ ಅದರ ಪುಟ್ಟ ನೆರಳು ಸಿಗುತ್ತದೆ. ಇನ್ನೊಂದು ಮಾತು: ಮೊಬೈಲಿನ ಕಣ್ಣು ಬಹಳ ಅಗಲವಾದುದು, ಹತ್ತಿರ ಹೋದಷ್ಟೂ ಮೂಗು ದೊಡ್ಡದಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಾ, ಅಜ್ಜಿಯೂ ಬೈಯಲಾರರು.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಈ ಹುಡುಗಿಗೆ ಮನೆಯವರು ತೋರಿಸಿದರೆ ಒಳ್ಳೆಯದು. ಮುಂಬಯಿಯ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯಲ್ಲೂ ಕೆಲಕಾಲ ದುಡಿದ, 1977ರಲ್ಲಿ ಪದ್ಮಶ್ರೀ ಪಡೆದ ಅವರು ಹೆಚ್ಚಾಗಿ ಒಲಿದದ್ದು ಇಂಥ ದಿನನಿತ್ಯದ ಜನರಿಗೇ, ಅದರಲ್ಲೂ ಮಕ್ಕಳಿಗೆ.

ಮೂರನೆಯ ಚಿತ್ರದ ಮುಂದೆ ನಾವು ಬಹಳ ಹೊತ್ತು ನಿಂತೆವು. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆದ ನಮ್ಮ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮುಗಿಸಿದ ಕಥೆ ಈ ನಗರದ ಕನ್ನಡಿಗರಿಗೆ ಹೊಸದಲ್ಲ. ಅಂಥ ಒಂದು ಶಾಲೆಯ, ಈಗ ಬೀಗ ಬಿದ್ದಿರುವ ಕೊಠಡಿಯಲ್ಲಿ, ಅಲ್ಲೇ ಓದಿದ ಹಿರಿಯರೊಬ್ಬರನ್ನು ಬೆಂಚಿನ ಮೇಲೆ ಕೂರಿಸಿ ಡೊಂಬಿವಲಿಯ ಸದಸ್ಯರೊಬ್ಬರು ಚಿತ್ರ ತೆಗೆದಿದ್ದಾರೆ. ಮುಖ ಬಲು ಚೆನ್ನಾಗಿ ಬಂದಿದೆ. ಬೆಂಚು ಸಣ್ಣದು, ಮೊಣಕಾಲು ಮೇಲೆದ್ದಿದೆ. ಆ ಮೊಣಕಾಲೇ ಅರ್ಧ ಕಥೆ ಹೇಳುತ್ತದೆ.

ಹಿಂದಿನ ಗೋಡೆ ಮಾತ್ರ ಪೂರ್ತಿ ಮಸುಕು. ಮೊಬೈಲಿನಲ್ಲಿ ‘ಪೋರ್ಟ್ರೇಟ್’ ಎಂಬ ಗುಂಡಿ ಒತ್ತಿದ್ದರ ಫಲ ಇದು. ದೊಡ್ಡ ಮಸೂರದ ಮಸುಕು ದೂರಕ್ಕೆ ತಕ್ಕಂತೆ ಮೆಲ್ಲನೆ ಹೆಚ್ಚುತ್ತದೆ. ಮೊಬೈಲು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಕಟ್ಟಿ ಆಮೇಲೆ ಬಳಿಯುತ್ತದೆ. ಲೆಕ್ಕ ತಪ್ಪಿ ಹಿರಿಯರ ಕನ್ನಡಕದ ಒಂದು ಕಡ್ಡಿ ಗೋಡೆಯೊಳಗೆ ಕರಗಿದೆ. ಅದು ಹೋಗಲಿ. ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಏನೋ ಬರೆದಂತಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಕೊನೆಯದು ‘ಳ’ ಇರಬಹುದೆನಿಸುತ್ತದೆ. ಮುದುಕರ ಮುಖ ಬೇರೆಲ್ಲಾದರೂ ತೆಗೆಯಬಹುದಿತ್ತು, ಅವರ ಮನೆಯ ಸೋಫಾದ ಮೇಲೂ. ಅವರನ್ನು ಅಷ್ಟು ದೂರ ಕರೆದೊಯ್ದು, ಬೀಗ ತೆಗೆಸಿ, ಧೂಳು ಒರೆಸಿ ಕೂರಿಸಿದ್ದು ಆ ಗೋಡೆಗಾಗಿ ತಾನೇ? ಇಂಥ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿರುವ ಊರಿನಲ್ಲಿ ಆ ಅಕ್ಷರಗಳನ್ನು ನಾವೇ ಅಳಿಸುವುದು ಸರಿಯಲ್ಲ.

ಭಾನುವಾರ ಸಂಜೆ ಇದನ್ನು ಅವರಿಗೇ ಹೇಳಿದೆವು. ಮುಖ ಕೊಂಚ ಸಪ್ಪೆಯಾಯಿತು. ಎರಡು ದಿನದಿಂದ ‘ಅದ್ಭುತ’ವನ್ನೇ ಕೇಳಿದವರು. ಹಲವು ಫೋನುಗಳಲ್ಲಿ ಈ ಮಸುಕನ್ನು ಆಮೇಲೆಯೂ ತೆಗೆಯಬಹುದು, ನೋಡಿ ಎಂದೆವು. ಅಲ್ಲಿಯೇ ತೆರೆದು ನೋಡಿದರು. ಗೋಡೆ ಹೊರಬಂತು: ‘ಅ’ದಿಂದ ‘ಳ’ದವರೆಗೆ ನೀಲಿ ಬಣ್ಣದ ವರ್ಣಮಾಲೆ, ಕೆಳಗೆ ಸಣ್ಣದಾಗಿ ಅದನ್ನು ಬರೆಸಿಕೊಟ್ಟವರ ಹೆಸರು. ಹಿರಿಯರ ತಲೆ ಸರಿಯಾಗಿ ‘ಕ’ ವರ್ಗದ ಕೆಳಗಿದೆ. ಅದನ್ನು ಮುದ್ರಿಸಿ ಸಂಘಕ್ಕೆ ಕೊಡುವುದಾಗಿ ಒಪ್ಪಿದ್ದಾರೆ. 12 ಅಂಗುಲಕ್ಕೆ 18 ಅಂಗುಲಕ್ಕಿಂತ ಚಿಕ್ಕದಾಗದಿರಲಿ; ಹಿಂಬದಿಯಲ್ಲಿ ಹಿರಿಯರ ಹೆಸರು, ಅವರು ಅಲ್ಲಿ ಓದಿದ ವರ್ಷಗಳು, ಚಿತ್ರ ತೆಗೆದ ತಾರೀಖು ಇವಿಷ್ಟನ್ನೂ ಬರೆದೇ ಕೊಡಬೇಕೆಂದು ನಮ್ಮ ಕೋರಿಕೆ.